ಕಾರನ್ನು ಹಿಂದಿನಿಂದ ನೋಡಿ

ಹೊಸ ಕಾರು ಬಂದ ದಿನ ಎಲ್ಲರ ಕಣ್ಣೂ ಅದರ ಮುಖದ ಮೇಲೆ. ಚಾಮರಾಜನಗರದ ಚಾಮರಾಜೇಶ್ವರ ದೇವಸ್ಥಾನದ ಎದುರು ನಿಲ್ಲಿಸಿ ಪೂಜೆ ಮಾಡಿಸುವವರು ಹಾರ ಹಾಕುವುದು ಬಾನೆಟ್ಟಿಗೆ, ಕುಂಕುಮ ಇಡುವುದು ಬಾನೆಟ್ಟಿಗೆ, ಫೋಟೊಗೆ ನಿಲ್ಲುವುದು ಗ್ರಿಲ್ಲಿನ ಪಕ್ಕ. ನಿಂಬೆಹಣ್ಣೊಂದು ಮಾತ್ರ ನಾಲ್ಕೂ ಚಕ್ರಕ್ಕೆ ಸಮನಾಗಿ ಸಲ್ಲುತ್ತದೆ. ಕಂಪನಿಗಳಿಗೂ ಇದು ಗೊತ್ತಿರುವುದರಿಂದ ಎಲ್‌ಇಡಿ ದೀಪ, ಕ್ರೋಮ್ ಪಟ್ಟಿ, ಅಗಲ ಗ್ರಿಲ್ ಎಂದು ದುಡ್ಡು ಸುರಿಯುವುದೂ ಅಲ್ಲಿಗೇ. ಆದರೆ ಸೆಡಾನ್ ಸೆಡಾನ್ ಅನ್ನಿಸಿಕೊಳ್ಳುವುದು ಬೆನ್ನಿನ ಕಡೆಯಿಂದ. ಈಗಿನ ಡಿಜೈರ್‌ನ ಹಿಂಭಾಗವನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿ, ಹೆಚ್ಚುಕಡಿಮೆ ಸ್ವಿಫ್ಟ್ ಉಳಿಯುತ್ತದೆ. ಔರಾದಿಂದ ತೆಗೆದರೆ ಗ್ರ್ಯಾಂಡ್ ಐ10 ನಿಯೋಸ್, ಟಿಗೋರ್‌ನಿಂದ ತೆಗೆದರೆ ಟಿಯಾಗೊ. ಸ್ವಿಫ್ಟ್‌ನ ಉದ್ದ 3,860 ಮಿಲಿಮೀಟರ್, ಡಿಜೈರ್‌ನದು 3,995. ನಡುವಿನ ವ್ಯತ್ಯಾಸ 135 ಮಿಲಿಮೀಟರ್, ಒಂದು ಗೇಣೂ ಇಲ್ಲ. ಅಷ್ಟರಲ್ಲೇ ಸಾಮಾನಿನ ಜಾಗ 265 ಲೀಟರಿನಿಂದ 382 ಲೀಟರಿಗೆ ಏರಿದೆ, ಕಾರಿನ ಆಕಾರ ಬದಲಾಗಿದೆ, ಬೆಲೆಯೂ ಮೇಲೆ ಹೋಗಿದೆ. ಸೆಡಾನ್ ಕೊಳ್ಳುವವರು ಹೆಚ್ಚಿಗೆ ಹಣ ಕೊಡುವುದೇ ಈ ಭಾಗಕ್ಕೆ. ಹಾಗಿರುವಾಗ ಅಂದಕ್ಕೆ ಇಷ್ಟು ಅಂಕ, ಡಿಕ್ಕಿಗೆ ಇಷ್ಟು ಅಂಕ ಎಂದು ಬೇರೆ ಬೇರೆ ಕೊಟ್ಟು ಕೊನೆಗೆ ಕೂಡಿಸುವ ರೂಢಿ ನನಗೆ ಸರಿಕಾಣುವುದಿಲ್ಲ. ಸೆಡಾನಿನಲ್ಲಿ ಇವೆರಡನ್ನೂ ನಿರ್ಧರಿಸುವುದು ಒಂದೇ ಗೆರೆ. ಅದನ್ನು ಓದಲು ಬಂದರೆ ಅಂದದ ಬಗ್ಗೆಯೂ ಖಚಿತವಾಗಿ ಮಾತಾಡಬಹುದು, ಡಿಕ್ಕಿಯ ಬಗ್ಗೆಯೂ ಮೋಸಹೋಗದೆ ಇರಬಹುದು.

ಆ ಗೆರೆ ಚಾವಣಿಯದು. ಕಾರಿನ ಮಗ್ಗುಲಲ್ಲಿ ನಾಲ್ಕು ಮಾರು ದೂರ ನಿಂತರೆ ಚೆನ್ನಾಗಿ ಕಾಣುತ್ತದೆ. ಮುಂದೆ ಎಂಜಿನ್, ನಡುವೆ ಜನ, ಹಿಂದೆ ಸಾಮಾನು ಎಂದು ಮೂರು ಪೆಟ್ಟಿಗೆ ಜೋಡಿಸಿದ ಗಾಡಿ ಇದು. ಚಾವಣಿ ಹಿಂದಿನ ಸೀಟಿನವರ ತಲೆ ದಾಟಿದ ಮೇಲೆ ಇಳಿಯಲು ಶುರುವಾಗಿ ಹಿಂಬದಿ ಗಾಜಾಗುತ್ತದೆ. ಗಾಜು ಮುಗಿದಲ್ಲಿಂದ ಡಿಕ್ಕಿಯ ಮುಚ್ಚಳ. ಗಾಜು ನೆಟ್ಟಗೆ ಇಳಿದರೆ ಮುಚ್ಚಳಕ್ಕೆ ಉದ್ದ ಸಿಗುತ್ತದೆ, ತೆರೆದಾಗ ಬಾಯಿ ದೊಡ್ಡದಾಗುತ್ತದೆ. ಗಾಜು ಓರೆಯಾಗಿ ಹಿಂದಕ್ಕೆ ಜಾರುತ್ತ ಹೋದರೆ ಕಾರು ನಿಂತಲ್ಲೇ ಓಡುವಂತೆ ಕಾಣುತ್ತದೆ, ಮುಚ್ಚಳ ಮಾತ್ರ ಗಿಡ್ಡವಾಗುತ್ತದೆ. ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ ಕಾಲದಲ್ಲಿ ಮೂರು ಪೆಟ್ಟಿಗೆಗಳೂ ಬೇರೆ ಬೇರೆಯಾಗಿ ಎದ್ದು ಕಾಣುತ್ತಿದ್ದವು. 2023ರಲ್ಲಿ ಬಂದ ವೆರ್ನಾದಲ್ಲಿ ಎರಡನೆಯ ಪೆಟ್ಟಿಗೆ ಎಲ್ಲಿ ಮುಗಿಯಿತು, ಮೂರನೆಯದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಅದರ ಡಿಕ್ಕಿಯ ಒಳಗೆ 528 ಲೀಟರ್ ಜಾಗವಿದೆ, ಸಣ್ಣ ಮಾತಲ್ಲ. ಒಳಗೆಷ್ಟು ಜಾಗ ಎಂಬುದು ಒಂದು ಪ್ರಶ್ನೆ, ಒಳಗೆ ಏನು ಹೋಗುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಕೊಡುವುದು ಚಾವಣಿಯ ಗೆರೆ.

ನಮ್ಮ ದೇಶದ ಸಣ್ಣ ಸೆಡಾನ್‌ಗಳಲ್ಲಿ ಈ ಗೆರೆಯನ್ನು ಅರ್ಧ ಬರೆದದ್ದು ವಿನ್ಯಾಸಕಾರರು, ಇನ್ನರ್ಧ ಬರೆದದ್ದು ಹಣಕಾಸು ಸಚಿವಾಲಯ. 2006ರ ಬಜೆಟ್ಟಿನಲ್ಲಿ ಪಿ. ಚಿದಂಬರಂ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ 4 ಮೀಟರಿಗಿಂತ ಗಿಡ್ಡ, ಪೆಟ್ರೋಲ್ ಆದರೆ 1,200 ಸಿಸಿ ಒಳಗೆ, ಡೀಸೆಲ್ ಆದರೆ 1,500 ಸಿಸಿ ಒಳಗೆ. ಹ್ಯಾಚ್‌ಬ್ಯಾಕ್‌ಗಳಿಗೆ ಇದರಿಂದ ತೊಂದರೆಯೇ ಇರಲಿಲ್ಲ; ಬಾಲವಿರುವ ಸೆಡಾನ್‌ಗೆ ಮಾತ್ರ ಬಾಲ ಕತ್ತರಿಸಿಕೊಂಡರೆ ರಿಯಾಯಿತಿ ಎಂದಂತಾಯಿತು. 2008ರಲ್ಲಿ ಟಾಟಾದವರು ಇಂಡಿಗೋವನ್ನು ಮೊಟಕುಗೊಳಿಸಿ ಇಂಡಿಗೋ ಸಿಎಸ್ ತಂದರು. ಅದೇ ವರ್ಷ ಬಂದ ಮೊದಲ ಸ್ವಿಫ್ಟ್ ಡಿಜೈರ್ 4,160 ಮಿಲಿಮೀಟರ್ ಉದ್ದವಿತ್ತು, ಅದರ ಡಿಕ್ಕಿ 440 ಲೀಟರ್. 2012ರಲ್ಲಿ ಮಾರುತಿ ಅದನ್ನು 3,995ಕ್ಕೆ ಇಳಿಸಿದಾಗ ಡಿಕ್ಕಿ 316 ಲೀಟರಿಗೆ ಕುಸಿಯಿತು. 165 ಮಿಲಿಮೀಟರ್ ಕತ್ತರಿಸಿದ್ದಕ್ಕೆ 124 ಲೀಟರ್ ಹೋಯಿತು. ಕುತೂಹಲದ ವಿಷಯ ಇದರ ನಂತರದ್ದು. 2017ರ ಡಿಜೈರ್ ಕೂಡ 3,995 ಮಿಲಿಮೀಟರೇ, ಡಿಕ್ಕಿ ಮಾತ್ರ 378 ಲೀಟರ್. 2024ರ ನವೆಂಬರಿನಲ್ಲಿ ಬಂದದ್ದರಲ್ಲಿ 382. ಅಷ್ಟೇ ಉದ್ದದೊಳಗೆ ಹೋಂಡಾ ಅಮೇಜ್ 2013ರಲ್ಲೇ 400 ಲೀಟರ್ ಕೊಟ್ಟಿತ್ತು, 2018ರಲ್ಲಿ 420 ಕೊಟ್ಟಿತು. 2024ರ ಡಿಸೆಂಬರಿನ ಮೂರನೇ ತಲೆಮಾರಿನಲ್ಲಿ 416. ಔರಾದ್ದು 402. ಕಾಯ್ದೆ ಎಲ್ಲರಿಗೂ ಒಂದೇ, ಉದ್ದ ಎಲ್ಲರದೂ ಒಂದೇ. ನೂರು ಲೀಟರಿನ ಈ ಏರಿಳಿತಕ್ಕೆ ಹಿಂದಿನ ಸೀಟನ್ನು ಎಲ್ಲಿಟ್ಟರು, ಸಸ್ಪೆನ್ಷನ್ನಿಗೆ ಎಷ್ಟು ಜಾಗ ಬಿಟ್ಟರು, ಬಾಲವನ್ನು ಎಷ್ಟು ಎತ್ತರಿಸಿದರು ಎಂಬುದಷ್ಟೇ ಕಾರಣ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ಜಿಎಸ್‌ಟಿಯಲ್ಲೂ ಅದೇ ನಾಲ್ಕು ಮೀಟರಿನ ಗೆರೆ ಉಳಿದಿದೆ: ಒಳಗಿದ್ದರೆ ಶೇ 18, ದಾಟಿದರೆ 40. ಹಾಗಾಗಿ ಮೋಟು ಬಾಲದ ಸೆಡಾನ್‌ಗಳು ಸದ್ಯಕ್ಕೆ ನಮ್ಮನ್ನು ಬಿಟ್ಟು ಹೋಗುವುದಿಲ್ಲ.

ಅಂದದ ಮಾತಿಗೆ ಬಂದರೆ, ಅದು ಅವರವರ ಅಭಿರುಚಿ, ಅದರಲ್ಲಿ ವಾದವೇನು ಬಂತು ಎನ್ನುವವರಿದ್ದಾರೆ. ಬಣ್ಣ, ಗ್ರಿಲ್ಲಿನ ನಮೂನೆಯ ಮಟ್ಟಿಗೆ ಅದು ನಿಜ. ಒಟ್ಟು ಮೈಕಟ್ಟಿನ ವಿಷಯದಲ್ಲಿ ಕಾರಣ ಕೊಟ್ಟು ಮಾತಾಡಲು ಸಾಧ್ಯ. ಹೋಂಡಾ ಸಿಟಿಯ ಎತ್ತರ 1,489 ಮಿಲಿಮೀಟರ್, ಹೊಸ ಡಿಜೈರ್‌ನದು 1,525. ಎರಡರಲ್ಲೂ ಕೂರುವವರು ನಮ್ಮಂಥ ಮನುಷ್ಯರೇ ಆದ್ದರಿಂದ ತಲೆಗೆ ಬೇಕಾದ ಎತ್ತರವನ್ನು ಯಾರೂ ಕಡಿಮೆ ಮಾಡಲಾರರು. ಉದ್ದದಲ್ಲಿ ಮಾತ್ರ ಡಿಜೈರ್ ಅರ್ಧ ಮೀಟರಿಗೂ ಮಿಕ್ಕಿ ಗಿಡ್ಡ. ಎತ್ತರ ಹಾಗೇ ಉಳಿದು ಉದ್ದ ಕುಗ್ಗಿದಾಗ ಕಣ್ಣಿಗೆ ಅಸಮತೋಲ ಕಾಣುತ್ತದೆ, ಅದು ಅಭಿರುಚಿಯ ಪ್ರಶ್ನೆಯಲ್ಲ. 2012ರ ಡಿಜೈರ್ ಆಳೆತ್ತರದವನು ಗಿಡ್ಡ ಪಂಚೆ ಉಟ್ಟಂತೆ ಕಾಣುತ್ತಿದ್ದುದು ಇದರಿಂದಲೇ: ಸ್ವಿಫ್ಟ್‌ನ ಮೈ, ಅದಕ್ಕೆ ಕೊನೆಯಲ್ಲಿ ಅಂಟಿಸಿದ ಚೋಟುದ್ದದ ಪೆಟ್ಟಿಗೆ. 2017ರಲ್ಲಿ ಚಾವಣಿಯನ್ನು 1,555ರಿಂದ 1,515ಕ್ಕೆ ತಗ್ಗಿಸಿದರು, ಅಗಲವನ್ನು 1,695ರಿಂದ 1,735ಕ್ಕೆ ಹಿಗ್ಗಿಸಿದರು, ಸ್ವಿಫ್ಟ್‌ನಿಂದ ಎರವಲು ತಂದ ಹಿಂದಿನ ಬಾಗಿಲನ್ನು ಬಿಟ್ಟು ಗೆರೆಯನ್ನು ಮೊದಲಿಂದಲೇ ಸೆಡಾನಿಗೆಂದು ಎಳೆದರು. ಕಾರು ಒಂದು ಮಿಲಿಮೀಟರೂ ಉದ್ದವಾಗದೆ ಉದ್ದವಾದಂತೆ ಕಂಡಿತು. ಅಂದ ಹೆಚ್ಚಿದ ಈ ಕಾರಿನಲ್ಲೇ ಡಿಕ್ಕಿಯೂ 62 ಲೀಟರ್ ಹೆಚ್ಚಿತು ಎಂಬುದು ನನ್ನ ವಾದಕ್ಕೆ ಮುಖ್ಯ ಸಾಕ್ಷಿ. ಅಂದ ಬೇಕಾದರೆ ಉಪಯೋಗ ಬಿಡಬೇಕು ಎಂಬ ಮಾತು ಎಲ್ಲ ಕಡೆ ನಿಲ್ಲುವುದಿಲ್ಲ. ಬಾಲವನ್ನು ಬಚ್ಚಿಡಲು ಹೋದ ಕಾರುಗಳಿಗಿಂತ, ಬಾಲವಿದೆ ಎಂದು ಒಪ್ಪಿಕೊಂಡು ಅದಕ್ಕೊಂದು ಲಕ್ಷಣ ಕೊಟ್ಟ ಕಾರುಗಳೇ ಹತ್ತು ವರ್ಷ ಕಳೆದರೂ ನೋಡಲು ಚೆನ್ನ.

ಇನ್ನು ಲೀಟರಿನ ಲೆಕ್ಕ. ದ್ರವ ತುಂಬದ ಡಿಕ್ಕಿಗೆ ಲೀಟರ್ ಯಾಕೆ ಎಂದು ಹಲವರಿಗೆ ಅನ್ನಿಸಿರಬಹುದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮ ಜರ್ಮನಿಯ ವಾಹನೋದ್ಯಮಿಗಳ ಒಕ್ಕೂಟವಾದ ವಿಡಿಎ ರೂಪಿಸಿದ್ದು. 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ತುಂಡುಗಳನ್ನು ಮಾಡಿಕೊಳ್ಳುತ್ತಾರೆ. ಒಂದು ತುಂಡಿನ ಗಾತ್ರ ಸರಿಯಾಗಿ ಒಂದು ಲೀಟರ್. ಅವನ್ನು ಡಿಕ್ಕಿಯೊಳಗೆ ಜೋಡಿಸುತ್ತ ಹೋಗಿ, ಎಷ್ಟು ಹಿಡಿದವೋ ಅಷ್ಟು ಲೀಟರ್. ಕ್ರಮ ಪ್ರಾಮಾಣಿಕವೇ. ಆದರೆ ಅಷ್ಟು ಸಣ್ಣ ತುಂಡು ಚಕ್ರದ ಗೂಡಿನ ಪಕ್ಕದ ಸಂದಿಗೂ ಹೋಗುತ್ತದೆ, ದೀಪದ ಹಿಂದಿನ ಮೂಲೆಗೂ ಹೋಗುತ್ತದೆ. ನಮ್ಮ ಮನೆಯ ಸಾಮಾನು ಹಾಗೆ ನುಸುಳುವುದಿಲ್ಲ. 75 ಸೆಂಟಿಮೀಟರ್ ಎತ್ತರ, 50 ಅಗಲ, 30 ದಪ್ಪದ ದೊಡ್ಡ ಸೂಟ್‌ಕೇಸನ್ನು ತೆಗೆದುಕೊಳ್ಳಿ. ಅದರ ಗಾತ್ರ 112 ಲೀಟರ್ ಚಿಲ್ಲರೆ, ಮೂರು ಸೇರಿದರೆ 340 ಲೀಟರಿನ ಒಳಗೆ. ಕಾಗದದ ಮೇಲೆ 382 ಲೀಟರಿನ ಡಿಕ್ಕಿಯಲ್ಲಿ ಮೂರೂ ಹಿಡಿದು ಇನ್ನೂ ಜಾಗ ಉಳಿಯಬೇಕು. ಇಡಲು ಹೋದಾಗ ಮೂರನೆಯದು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಬಂದು ಕೂರುತ್ತದೆ. ತರಕಾರಿ ಮಾರುಕಟ್ಟೆಯ ಪ್ಲಾಸ್ಟಿಕ್ ಕ್ರೇಟಿನದೂ ಇದೇ ಕಥೆ. ಸುಮಾರು 54 ಸೆಂಟಿಮೀಟರ್ ಉದ್ದ, 36 ಅಗಲ, 29 ಎತ್ತರ ಎಂದಿಟ್ಟುಕೊಂಡರೆ ಒಂದೊಂದು 56 ಲೀಟರ್. ಭಾಗಿಸಿದರೆ ಆರು ಹಿಡಿಯಬೇಕು. ಒಂದರ ಮೇಲೊಂದು ಇಟ್ಟರೆ 58 ಸೆಂಟಿಮೀಟರ್ ಎತ್ತರವಾಗುತ್ತದೆ. ಮುಚ್ಚಳ ಕೂರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಚಾಮರಾಜನಗರದ ಈ ಸೀಮೆಯಲ್ಲಿ ಕಾರಿನ ಡಿಕ್ಕಿ ಹೊರುವುದು ಏನನ್ನು? ತೆರಕಣಾಂಬಿ, ಗುಂಡ್ಲುಪೇಟೆಯ ಟೊಮೆಟೊ, ಬೀನ್ಸು, ಸಣ್ಣ ಈರುಳ್ಳಿ, ಅರಿಶಿನ ಮಾರುಕಟ್ಟೆಗೆ ಹೋಗುವುದು ಪಿಕಪ್ಪು, ಗೂಡ್ಸ್ ಆಟೊಗಳಲ್ಲಿ; ಸೆಡಾನಿಗೆ ಆ ಕೆಲಸ ಹೊರಿಸುವವರು ಕಡಿಮೆ. ಅದಕ್ಕೆ ಬರುವುದು ಮನೆಯ ಪಾಲು: ಮೈಸೂರಿನಲ್ಲಿ ಓದುವ ಮಗಳಿಗೆ ಒಂದು ಮೂಟೆ ಅಕ್ಕಿ, ಬೀಗರ ಮನೆಗೆ ಒಂದು ಬಾಳೆಗೊನೆ, ಮಾದಪ್ಪನ ಬೆಟ್ಟಕ್ಕೆ ಪರ ಎಂಬ ಹರಕೆಯೂಟ ಮಾಡಲು ಹೊರಟರೆ ಪಾತ್ರೆ ಪಡಗ, ಚಿಕ್ಕಲ್ಲೂರು ಜಾತ್ರೆಗಾದರೆ ಅದರ ಜೊತೆಗೆ ಚಾಪೆ, ಹೊದಿಕೆ. ಚಾಮರಾಜನಗರಕ್ಕೆ ರೈಲು ಬರುತ್ತದೆ, ಅಲ್ಲಿಗೇ ಹಳಿ ಮುಗಿಯುತ್ತದೆ. ಸುಮಾರು 35 ಕಿಲೋಮೀಟರ್ ಆಚೆಯ ಗುಂಡ್ಲುಪೇಟೆಗೆ ರೈಲೇ ಇಲ್ಲ. ಬಸ್ಸು ಬಿಟ್ಟರೆ ಕಾರೇ ಗತಿಯಾದ ಮನೆಯಲ್ಲಿ ಈ ಸಾಮಾನೆಲ್ಲ ಬೀಳುವುದು ಡಿಕ್ಕಿಯ ಪಾಲಿಗೆ. ಬಾಳೆಗೊನೆಯನ್ನೇ ನೋಡಿ: ಉದ್ದವಿದೆ, ಬಾಗಿದೆ, ಮಡಚಲು ಬರುವುದಿಲ್ಲ, ಒತ್ತಿದರೆ ಕಪ್ಪಾಗುತ್ತದೆ. ಅದಕ್ಕೆ ಬೇಕಾದದ್ದು ಲೀಟರಲ್ಲ, ಅಡ್ಡಡ್ಡ ಮಲಗಿಸುವಷ್ಟು ಅಗಲದ ಬಾಯಿ, ಚಕ್ರದ ಗೂಡು ಅಡ್ಡ ಬರದ ಮಟ್ಟಸ ನೆಲ. 26 ಕೆಜಿ ಅಕ್ಕಿ ಚೀಲಕ್ಕೆ ಬೇಕಾದದ್ದೇ ಬೇರೆ. ಅದನ್ನು ಬಂಪರಿನ ಅಂಚಿನವರೆಗೆ ಎತ್ತಬೇಕು, ಆಮೇಲೆ ಒಳಗಿನ ಹೊಂಡಕ್ಕೆ ಇಳಿಸಬೇಕು. ಇಳಿಸುವಾಗ ನೋಯುವಷ್ಟು ಸೊಂಟ ಎತ್ತುವಾಗ ನೋಯುವುದಿಲ್ಲ. ಲೀಟರ್ ಹೆಚ್ಚಿಸಲು ಬಾಲವನ್ನು ಎತ್ತರಿಸಿ ನೆಲವನ್ನು ಆಳ ಮಾಡಿದ ಕಾರುಗಳಲ್ಲಿ ಈ ತ್ರಾಸ ಹೆಚ್ಚು.

ಹೀಗಾಗಿ ಶೋರೂಂಗೆ ಹೋಗುವಾಗ ಬ್ರೋಷರಿನ ಬದಲು ಒಂದು ಟೇಪ್ ಹಿಡಿದು ಹೋಗುವುದು ಲೇಸು. ಬಾಯಿಯ ಅಗಲವನ್ನು ಎರಡು ದೀಪಗಳ ನಡುವೆ ಅಳೆಯಬೇಕು. ಅಂದ ಉಪಯೋಗಕ್ಕೆ ನೇರವಾಗಿ ಕೈಹಾಕುವ ಜಾಗವಿದು: ಹಿಂದಿನ ದೀಪ ಎರಡು ತುಂಡಾಗಿ, ಒಂದು ತುಂಡು ಮುಚ್ಚಳದ ಜೊತೆಗೇ ಮೇಲೆದ್ದರೆ ಬಾಯಿ ಅಗಲವಾಗುತ್ತದೆ, ದೊಡ್ಡ ದೀಪವಿಡೀ ಮೈಗೇ ಅಂಟಿಕೊಂಡಿದ್ದರೆ ಅಷ್ಟರಮಟ್ಟಿಗೆ ಕಿರಿದಾಗುತ್ತದೆ. ಆಮೇಲೆ ಗಾಜಿನ ಬುಡದಿಂದ ಬಂಪರಿನ ಅಂಚಿಗೆ ಎಷ್ಟು, ಅಂಚಿನಿಂದ ಒಳನೆಲಕ್ಕೆ ಎಷ್ಟು, ಹೊರಗೆ ನೆಲದಿಂದ ಅಂಚಿಗೆ ಎಷ್ಟು ಎಂದು ನೋಡಬೇಕು. ಮುಚ್ಚಳವನ್ನು ಹಿಡಿದಿರುವ ಬಾಗಿದ ಕಬ್ಬಿಣದ ತೋಳುಗಳು ಮುಚ್ಚುವಾಗ ಎಲ್ಲಿಗೆ ಇಳಿಯುತ್ತವೆ ಎಂಬುದನ್ನು ಬಗ್ಗಿ ನೋಡದೆ ಬರಬಾರದು. ಕೆಲವು ಕಾರುಗಳಲ್ಲಿ ಅವು ಸಾಮಾನಿನ ಜಾಗಕ್ಕೇ ಬಂದು ಕೂರುತ್ತವೆ. ಮೂಲೆಯಲ್ಲಿಟ್ಟ ಮೊಟ್ಟೆಯ ಟ್ರೇ ಏನಾಯಿತೆಂದು ಊರಿಗೆ ಹೋದ ಮೇಲೆ ತಿಳಿಯುತ್ತದೆ. 2017ರ ಟಿಗೋರ್‌ನಲ್ಲಿ ತೋಳಿನ ಬದಲು ಗ್ಯಾಸ್ ತುಂಬಿದ ಕಡ್ಡಿಗಳನ್ನು ಹೊರಗಡೆ ಜೋಡಿಸಿದ್ದರು, 419 ಲೀಟರೂ ನಿಜವಾಗಿ ಬಳಕೆಗೆ ಸಿಗುವಂತಿತ್ತು. ಇಂಥ ಸಣ್ಣ ವಿವೇಕಕ್ಕೆ ಜಾಹೀರಾತಿನಲ್ಲಿ ಜಾಗ ಸಿಗುವುದು ಅಪರೂಪ. ಇಷ್ಟೆಲ್ಲ ಅಳೆಯುವಾಗ ಸೇಲ್ಸ್‌ನವರು ಸ್ವಲ್ಪ ವಿಚಿತ್ರವಾಗಿ ನೋಡಬಹುದು, ನೋಡಲಿ.

ಡಿಕ್ಕಿ ನೋಡಿ ಯಾರು ಕಾರು ಕೊಳ್ಳುತ್ತಾರೆ ಎಂಬ ಆಕ್ಷೇಪಕ್ಕೆ ಇತಿಹಾಸದ ಬೆಂಬಲವಿದೆ. 2007ರಲ್ಲಿ ಮಹೀಂದ್ರ ಮತ್ತು ರೆನೊ ಸೇರಿ ತಂದ ಲೋಗನ್‌ನಲ್ಲಿ 510 ಲೀಟರಿನ ಡಿಕ್ಕಿಯಿತ್ತು, ಮೂವರು ಆರಾಮವಾಗಿ ಕೂರುವ ಹಿಂದಿನ ಸೀಟಿತ್ತು. ಖರ್ಚು ಉಳಿಸಲು ಎಡಬಲದ ಕನ್ನಡಿಗಳನ್ನೂ ಒಂದೇ ಅಚ್ಚಿನಲ್ಲಿ ಮಾಡಿದ್ದರು. ರೂಪ ಮಾತ್ರ ಸ್ಕೇಲ್ ಇಟ್ಟು ಗೀಚಿದಂತೆ. ಮನೆಮಂದಿ ಅದನ್ನು ಒಪ್ಪಲಿಲ್ಲ. 2010ರ ಕೊನೆಗೆ ಬಂದ ಟೊಯೊಟಾ ಇಟಿಯೋಸ್‌ನ ಡಿಕ್ಕಿ 595 ಲೀಟರ್, ಇವತ್ತಿನ ಯಾವ ಹೊಸ ಸಿಟಿ, ವೆರ್ನಾಗಳಿಗೂ ಇಲ್ಲದಷ್ಟು. ಅದೂ ಚೆಲುವಿನ ಕಾರೇನಲ್ಲ. ಆದರೂ ವಿಮಾನ ನಿಲ್ದಾಣ, ಮೈಸೂರು, ಊಟಿ ಎಂದು ಬಾಡಿಗೆ ಓಡಿಸುವವರು ಅದನ್ನು ಬಿಟ್ಟುಕೊಡಲಿಲ್ಲ. ಲೋಗನ್ ಸೋತದ್ದು ಡಿಕ್ಕಿ ದೊಡ್ಡದಾದ್ದರಿಂದಲ್ಲ. ಎರಡೂ ನಾಲ್ಕು ಮೀಟರ್ ಮೀರಿದ್ದರಿಂದ ತೆರಿಗೆ ಹೆಚ್ಚು ಬಿತ್ತು, ಬೆಲೆ ಏರಿತು, ಆ ಬೆಲೆಗೆ ಜನ ಸ್ವಲ್ಪ ಲಕ್ಷಣವನ್ನೂ ಕೇಳಿದರು. ಕೇಳಿದ್ದು ತಪ್ಪೂ ಅಲ್ಲ. ಹತ್ತು ವರ್ಷ ಮನೆಮುಂದೆ ನಿಲ್ಲುವ ವಸ್ತು ಕಣ್ಣಿಗೆ ಹಿತವಾಗಿರಬೇಕೆಂಬ ಆಸೆಯನ್ನು ಷೋಕಿ ಎಂದು ಜರೆಯುವ ಲೇಖನಗಳು ನನಗೆ ಹಿಡಿಸುವುದಿಲ್ಲ. ನಾನು ಹೇಳುವುದು ಇಷ್ಟೇ: ಹಿಂಬದಿಯ ಚೆಲುವಿಗೆ ಬಾಯಿಯ ಅಗಲವನ್ನು ಬಲಿಕೊಟ್ಟಿದ್ದರೆ ಅದು ವಿನ್ಯಾಸದ ಸೋಲು, ಎರಡನ್ನೂ ಉಳಿಸಿಕೊಂಡಿದ್ದರೆ ಗೆಲುವು, ಮುಂದಿನ ಗ್ರಿಲ್ಲು ಈ ಲೆಕ್ಕವನ್ನು ತಿದ್ದಲಾರದು.

ಅಷ್ಟೆಲ್ಲ ಯಾಕೆ, ಸಣ್ಣ ಎಸ್‌ಯುವಿ ತಗೊಂಡರಾಯಿತಲ್ಲ ಎಂಬುದು ಈಗ ಎಲ್ಲ ಕಡೆ ಕೇಳುವ ಮಾತು. ಕೆಎ-10 ಬೋರ್ಡಿನ ಹೊಸ ಗಾಡಿಗಳಲ್ಲೂ ಅದರ ಗಾಳಿ ಬೀಸಿದೆ. ಲೀಟರಿನಲ್ಲಿ ಹೋಲಿಸಿದರೆ ಸೆಡಾನ್ ಸೋಲುವುದಿಲ್ಲ: ಬ್ರೆಜಾದ್ದು 328, ಹೊಸ ನೆಕ್ಸಾನ್‌ದು 382. ಬಾಯಿಯಲ್ಲಿ ಮಾತ್ರ ಎಸ್‌ಯುವಿ ಗೆಲ್ಲುತ್ತದೆ, ಒಪ್ಪಲೇಬೇಕು. ಗಾಜೂ ಬಾಗಿಲೂ ಒಟ್ಟಿಗೆ ಮೇಲೇಳುತ್ತವೆ, ಸೀಟಿನ ಬೆನ್ನು ಮಡಚಿಕೊಳ್ಳುತ್ತದೆ, ವಾಷಿಂಗ್ ಮೆಷಿನ್ ತರಬಹುದು. ಡಿಜೈರ್‌ನಲ್ಲಿ ಸೀಟಿನ ಬೆನ್ನು ಮಡಚುವುದೇ ಇಲ್ಲ. ಆ ಮಡಚದ ಬೆನ್ನೇ ಸೆಡಾನಿನ ಬಲವೂ ಹೌದು: ಸಾಮಾನಿಗೂ ಜನಕ್ಕೂ ನಡುವೆ ಗೋಡೆಯಿದೆ. ಸತ್ಯಮಂಗಲದ ದಾರಿಯ ದಿಂಬಂ ಘಾಟಿಯ 27 ತಿರುವುಗಳಲ್ಲಿ ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಕುಕ್ಕರ್ ಕುತ್ತಿಗೆಗೆ ಬಂದು ಬಡಿಯುವುದಿಲ್ಲ, ಜಾತ್ರೆಯಿಂದ ತಂದದ್ದರ ವಾಸನೆ ಎಸಿ ಗಾಳಿಗೆ ಸೇರುವುದಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಕಾರು ಬಿಡುವುದಿಲ್ಲ; ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹೋಗಿಬರಬೇಕು. ಅಷ್ಟು ಹೊತ್ತು ಒಂಟಿಯಾಗಿ ನಿಂತ ಗಾಡಿಯಲ್ಲಿ ಏನಿದೆ ಎಂದು ಹೊರಗಿನಿಂದ ಕಾಣದಿರುವುದೇ ಒಂದು ನೆಮ್ಮದಿ. ವಾರಕ್ಕೊಮ್ಮೆ ದೊಡ್ಡ ಡಬ್ಬ ಸಾಗಿಸುವವರಿಗೆ ಎಸ್‌ಯುವಿಯೇ ಸರಿ. ತಿಂಗಳಿಗೊಮ್ಮೆ ಐದು ಜನ, ನಾಲ್ಕು ಬ್ಯಾಗು ಎನ್ನುವ ಮನೆಗೆ ಸೆಡಾನ್ ಈಗಲೂ ಸರಿಯಾದ ಆಯ್ಕೆ.

ಜಾಗ ಸಾಲದಿದ್ದರೆ ಮೇಲೊಂದು ಕ್ಯಾರಿಯರ್ ಹಾಕಿಸಿದರಾಯಿತು ಎಂಬ ಸಲಹೆ ಅಂಬಾಸಡರ್ ಕಾಲದಿಂದ ಬಂದದ್ದು. ಬಯಲುಸೀಮೆಯಲ್ಲಿ ಅದು ನಡೆದೀತು. ಗುಂಡ್ಲುಪೇಟೆಯಿಂದ ಹೊರಟವರು ಹಿಡಿಯುವುದು ಸುಲ್ತಾನ್ ಬತ್ತೇರಿಯ 766ನೇ ಹೆದ್ದಾರಿಯಾಗಲಿ, ಊಟಿಯ 181ನೇ ಹೆದ್ದಾರಿಯಾಗಲಿ, ಬಂಡೀಪುರದ ಕಾಡು ದಾಟಲೇಬೇಕು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವವರಿಗೆ ಆಸನೂರಿನ ಕಾಡು. ಅಲ್ಲಿ ಕಬ್ಬಿನ ಲಾರಿಗಳನ್ನು ಆನೆಗಳು ಅಡ್ಡಗಟ್ಟಿ ಜಲ್ಲೆ ಎಳೆದುಕೊಳ್ಳುವುದು ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವ ಸಂಗತಿ. ಚಾವಣಿಯ ಮೇಲೆ ಬಾಳೆಗೊನೆ ಕಟ್ಟಿಕೊಂಡು ಆ ದಾರಿಯಲ್ಲಿ ಹೋಗುವುದು ಆನೆಗೆ ಊಟದ ಕರೆ ಕೊಟ್ಟ ಹಾಗೆಯೇ. ಮೇಲಾಗಿ ತೂಕ ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ಓಲಾಡುತ್ತದೆ, ಗಾಳಿಯ ತಡೆ ಹೆಚ್ಚಿ ಎಣ್ಣೆಯೂ ಹೆಚ್ಚು ಕುಡಿಯುತ್ತದೆ. ಜೋಪಾನವಾಗಿ ಎಳೆದ ಗೆರೆಯ ಮೇಲೆ ಕಬ್ಬಿಣದ ಮಂಚ ಹೊತ್ತ ಕಾರಿನ ಅಂದದ ಬಗ್ಗೆ ಹೇಳುವುದೇ ಬೇಡ.

ಸಿಎನ್‌ಜಿ ಕಾರು ನೋಡುತ್ತಿರುವವರಿಗೆ ಮಾತ್ರ ಈವರೆಗಿನ ಅಂಕಿಗಳೆಲ್ಲ ಹೆಚ್ಚುಕಡಿಮೆ ರದ್ದು. ಡಿಜೈರ್‌ನ ಸಿಎನ್‌ಜಿ ಮಾದರಿಯಲ್ಲಿ ಸಿಲಿಂಡರ್ ಕೂರುವುದು ಡಿಕ್ಕಿಯೊಳಗೇ. ಉಳಿದ ಸಂದಿಯಲ್ಲಿ ಮೆತ್ತನೆಯ ಬ್ಯಾಗುಗಳನ್ನು ತುರುಕಬಹುದು, ಸೂಟ್‌ಕೇಸ್ ಮರೆತುಬಿಡಬೇಕು. ಟಾಟಾದವರು 2023ರಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಸಣ್ಣವನ್ನು ನೆಲದ ಅಡಿಗೆ ಮಲಗಿಸಿ ಟಿಗೋರ್‌ನಲ್ಲಿ ಮೇಲಿನ ಜಾಗ ಉಳಿಸಿದರು. ಅಷ್ಟು ಸರಳ ಉಪಾಯ ಹೊಳೆಯಲು ಅಷ್ಟು ವರ್ಷ ಬೇಕಾಯಿತೇ ಎಂದು ಕೇಳಬೇಕೆನಿಸುತ್ತದೆ. ಬಾಡಿಗೆಗೆ ಓಡಿಸುವವರು ಇಂಧನದ ಉಳಿತಾಯದ ಎದುರಿಗೆ, ಸಾಮಾನಿದೆ ಎಂದು ಕೈತಪ್ಪುವ ಬಾಡಿಗೆಗಳನ್ನೂ ಇಟ್ಟು ತೂಗಬೇಕು.

ಕೊನೆಯದಾಗಿ ತೂಕ. ಖಾಲಿ ಡಿಕ್ಕಿಯ ಕಾರು ಶೋರೂಂನಲ್ಲಿ ಕಂಡ ಹಾಗೆ ತುಂಬಿದ ಕಾರು ರಸ್ತೆಯಲ್ಲಿ ಕಾಣುವುದಿಲ್ಲ. ಸೆಡಾನಿನ ಡಿಕ್ಕಿ ಇರುವುದು ಹಿಂದಿನ ಚಕ್ರಗಳಿಗಿಂತ ಹಿಂದಕ್ಕೆ. ಅಲ್ಲಿಟ್ಟ ತೂಕ ಹಿಂಭಾಗವನ್ನು ಕೆಳಗೆ ಒತ್ತಿ ಮುಂಭಾಗವನ್ನು ಎತ್ತುತ್ತದೆ. ಡಿಜೈರ್‌ನ ನೆಲದ ಅಂತರ 163 ಮಿಲಿಮೀಟರ್, ಸ್ಲಾವಿಯಾದ್ದು ಖಾಲಿ ಇದ್ದಾಗ 179. ಬಂಡೀಪುರದ ದಾರಿಯಲ್ಲಿ ಸಾಲುಸಾಲಾಗಿ ಬರುವ ಉಬ್ಬುಗಳ ಮೇಲೆ ಐದು ಜನ ಮತ್ತು ತುಂಬಿದ ಡಿಕ್ಕಿಯೊಂದಿಗೆ ಹೋದಾಗ ಈ ಅಂಕಿಗಳು ಹಾಗೇ ಉಳಿಯುವುದಿಲ್ಲ. ಉಬ್ಬಿನ ಮೇಲೆ ಓರೆಯಾಗಿ, ನಿಧಾನವಾಗಿ ಹತ್ತಿಸುವ ಅಭ್ಯಾಸ ಬೇಕು. ಈ ಕಾರುಗಳೆಲ್ಲ ಎಳೆಯುವುದು ಮುಂದಿನ ಚಕ್ರದಿಂದಾದ್ದರಿಂದ, ಭಾರವೆಲ್ಲ ಹಿಂದಾದರೆ ಮಳೆಗಾಲದ ಘಾಟಿಯಲ್ಲಿ ಮುಂದಿನ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಅಕ್ಕಿ ಮೂಟೆಯಂಥ ಭಾರದ ವಸ್ತು ಡಿಕ್ಕಿಯ ಬಾಯಲ್ಲಿರದೆ ಸೀಟಿನ ಬೆನ್ನಿಗೆ ಒತ್ತಿಕೊಂಡಿರಬೇಕು. ಸ್ಟೆಪ್ನಿ ಆ ಮೂಟೆಯ ಅಡಿಯಲ್ಲಿರುತ್ತದೆ ಎಂಬುದನ್ನೂ ನೆನಪಿಡಿ. ಬಂಡೀಪುರದೊಳಗೆ ಗಾಡಿ ನಿಲ್ಲಿಸುವಂತಿಲ್ಲ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ದಾರಿಯೇ ಬಂದ್. 8 ಗಂಟೆಗೆ ಚೆಕ್‌ಪೋಸ್ಟ್ ದಾಟಿ ಪಂಕ್ಚರ್ ಆದರೆ ಕಾಡಿನಲ್ಲಿ ಸಾಮಾನೆಲ್ಲ ಇಳಿಸಿ ಹರಡಬೇಕಾಗುತ್ತದೆ. ಹೊರಡುವ ಮುಂಚೆ ಟೈರಿನ ಗಾಳಿ ನೋಡಿಸಿ. ತುಂಬಿದ ಗಾಡಿಗೆ ಹಿಂದಿನ ಟೈರಿಗೆ ಎಷ್ಟು ಎಂಬುದು ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿ ಬರೆದಿರುತ್ತದೆ. ಇನ್ನೊಂದು, ಮೂತಿ ಎತ್ತಿಕೊಂಡ ಕಾರಿನ ಹೆಡ್‌ಲೈಟ್ ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಬೀಳುತ್ತದೆ. ಅದಕ್ಕೆಂದೇ ಸ್ಟೀರಿಂಗ್‌ನ ಬಲಗಡೆ ಹೆಚ್ಚಿನ ಕಾರುಗಳಲ್ಲಿ 0, 1, 2, 3 ಎಂದು ಬರೆದ ಸಣ್ಣ ತಿರುಗಣೆ ಇರುತ್ತದೆ. ಡಿಕ್ಕಿ ತುಂಬಿದಾಗ ಅಂಕಿ ಹೆಚ್ಚಿಸಿದರೆ ಬೆಳಕು ತಗ್ಗುತ್ತದೆ. ಗಾಡಿ ಒಪ್ಪಿಸುವ ದಿನ ಸ್ಕ್ರೀನು, ಬ್ಲೂಟೂತು ಎಲ್ಲ ತೋರಿಸಿಕೊಡುತ್ತಾರೆ. ಈ ತಿರುಗಣೆ ಎಲ್ಲಿದೆ ಎಂದು ನಾವೇ ಕೇಳಬೇಕು.